ತೇರಿನ ಬಯಲು ಮಕ್ಕಳಿಗೂ ಬೇಕು

(ರಥೋತ್ಸವದ ಮರುದಿನ ದೇವಸ್ಥಾನದ ಪ್ರಾಂಗಣದಲ್ಲಿ ಜರುಗಿದ ಸಭೆಯಲ್ಲಿ ಆದವಾನಿಯ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಮನೆಗೆ ಬಂದು ಕೇಳಿಕೊಂಡರು. ಭಕ್ತಿಯ ವಿಷಯವಾಗಿ ಮಾತನಾಡಲು ನನಗಿಂತ ಬಲ್ಲವರು ಇಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ನಾನು ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವನು. ಆದ್ದರಿಂದ ಮಕ್ಕಳ ವಿಷಯ ಮಾತನಾಡುತ್ತೇನೆ ಎಂದೆ. "ಆಗಲಿ ಸಾರ್, ಮಕ್ಕಳೂ ದೇವರೇ ಅಲ್ಲವೇ" ಎಂದರು. ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬಂದಿದ್ದೇನೆ. ನನ್ನ ಮಾತು ಮುಗಿಯುವ ಹೊತ್ತಿಗೆ, ಹಾಗೆ ಯಾಕಾದರೂ ಅಂದೆವೋ ಎಂದು ಅವರಿಗೆ ಅನ್ನಿಸಿದರೆ ದಯವಿಟ್ಟು ಕ್ಷಮಿಸಬೇಕು.

ನಿನ್ನೆ ತೇರು ಎಳೆದದ್ದನ್ನು ನೀವೆಲ್ಲ ನೋಡಿದ್ದೀರಿ. ಹಗ್ಗಕ್ಕೆ ಕೈ ಹಚ್ಚಿದವರಲ್ಲಿ ಅರ್ಧಕ್ಕರ್ಧ ಮಕ್ಕಳು. ತೇರು ನೆಲೆ ಸೇರಿದ ಮೇಲೆ ನಾವು ದೊಡ್ಡವರು ಮಂಗಳಾರತಿಗೆಂದು ಒಳಗೆ ಹೋದೆವು. ಅವರು ತೇರಿಗೆ ಎಸೆದ ಉತ್ತತ್ತಿ, ಬಾಳೆಹಣ್ಣು ಆಯ್ದುಕೊಂಡು ಅಲ್ಲೇ ಮುಟ್ಟಾಟ ಶುರುಮಾಡಿಬಿಟ್ಟಿದ್ದರು. ವರ್ಷಕ್ಕೊಂದು ದಿನ ಅದು ತೇರಿನ ಬಯಲು. ಮಿಕ್ಕ ದಿನಗಳಲ್ಲಿ ಅದು ಮಕ್ಕಳ ಬಯಲು. ಸುತ್ತಲಿನ ಐದಾರು ಓಣಿಗಳ ಮಕ್ಕಳಿಗೆ ಓಡಲಿಕ್ಕೆ ಇದನ್ನು ಬಿಟ್ಟರೆ ಬೇರೆ ಜಾಗವಿಲ್ಲ.

ಈ ಬಯಲಿನಲ್ಲಿ ಮಳಿಗೆಗಳನ್ನು ಕಟ್ಟಿ, ಅವುಗಳ ಮೇಲೆ ಕಲ್ಯಾಣ ಮಂಟಪ ಎಬ್ಬಿಸಿದರೆ ದೇವರ ನಿತ್ಯಪೂಜೆಗೆ ಶಾಶ್ವತ ಆದಾಯವಾಗುತ್ತದೆಂಬ ಸಲಹೆಯೊಂದು ಸಮಿತಿಯ ಮುಂದಿದೆ. ಇದು ಗುಟ್ಟಿನ ಮಾತೇನಲ್ಲ, ಎಲ್ಲರಿಗೂ ಗೊತ್ತಿರುವುದೇ. ಸಲಹೆ ಕೊಟ್ಟವರು ದೇವರ ಮೇಲಿನ ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ತಿರುಗಿ ಬರುತ್ತದೆ ಎಂದು ಕಾಗದದ ಮೇಲೆ ಬರೆದೂ ತೋರಿಸಿದ್ದಾರೆ. ಕೂಡಿದ್ದು, ಕಳೆದದ್ದು ಎಲ್ಲ ಸರಿಯಾಗಿದೆ; ನಾನು ಎರಡು ಸಲ ನೋಡಿದೆ. ಆದರೆ ಒಂದು ಬಾಬತ್ತು ಬಿಟ್ಟುಹೋಗಿದೆ. ಅದನ್ನು ಸೇರಿಸುವುದಕ್ಕೇ ನಾನು ಇವತ್ತು ಎದ್ದು ನಿಂತಿರುವುದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಏರ್ಪಟ್ಟಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಈ ಕಡೆ ಬಂದವು. ನಾನು ಹುಟ್ಟಿದ್ದು ಅದಾದ ಐದು ವರ್ಷಕ್ಕೆ, ಇದೇ ಪೇಟೆಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಈ ಬಯಲಿನಲ್ಲಿ ಅವೆರಡೂ, ಜೊತೆಗೆ ಉರ್ದು. ಗೋಲಿ ಆಟದಲ್ಲಿ ಕನ್ನಡದಲ್ಲಿ ಎಣಿಸಿ, ತೆಲುಗಿನಲ್ಲಿ ಜಗಳವಾಡಿ, ಉರ್ದುವಿನಲ್ಲಿ ರಾಜಿಯಾಗುತ್ತಿದ್ದೆವು. ಇವತ್ತು ಹತ್ತಿ ಮಾರ್ಕೆಟ್ಟಿನಲ್ಲಿ ನಮ್ಮ ಊರಿನವರು ಯಾರ ಹತ್ತಿರ ಹೋದರೂ ಅವರವರ ಭಾಷೆಯಲ್ಲಿ ವ್ಯವಹಾರ ಮಾಡುತ್ತಾರೆ. ಅದನ್ನು ಯಾವ ಪಂತುಲು ಕಲಿಸಿದ? ಬಯಲು ಕಲಿಸಿತು.

ನಮ್ಮ ಹಿರಿಯರು ಆಟಕ್ಕೆ ಬೇರೆ ಪೀರಿಯಡ್ ಇಟ್ಟಿರಲಿಲ್ಲ, ಪಂಚಾಂಗದಲ್ಲೇ ಸೇರಿಸಿಬಿಟ್ಟಿದ್ದರು. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಕರಿಮಣ್ಣು ತಂದು ಎತ್ತು ಮಾಡಬೇಕು. ಕೊಂಬು ನಿಲ್ಲುವುದಿಲ್ಲ, ಬಿದ್ದುಹೋಗುತ್ತದೆ, ಮತ್ತೆ ಹಚ್ಚಬೇಕು. ಆಷಾಢದ ಗಾಳಿಗೆ ಗಾಳಿಪಟ. ನಾಗರಪಂಚಮಿಗೆ ಬೇವಿನ ಕೊಂಬೆಗೆ ಜೋಕಾಲಿ. ಆ ದಿನ ತವರಿಗೆ ಬಂದ ಮಗಳೂ ಜೀಕುತ್ತಿದ್ದಳು, ಅವಳ ತಾಯಿಯೂ ಸೆರಗು ಸಿಕ್ಕಿಸಿಕೊಂಡು ಜೀಕುತ್ತಿದ್ದಳು. ಹುಡುಗರಿಗೆ ನಿಂಬೆಹಣ್ಣು ಎಸೆಯುವ ಪಂದ್ಯ. ಸೀಗಿಹುಣ್ಣಿಮೆ, ಗೌರಿಹುಣ್ಣಿಮೆಗಳಿಗೆ ಬೆಳದಿಂಗಳಲ್ಲಿ ಕೋಲಾಟ. ಹಬ್ಬವಿಲ್ಲದ ದಿನಗಳಿಗೆ ಚಿಣ್ಣಿದಾಂಡು, ಬುಗುರಿ, ಲಗೋರಿ, ಮರಕೋತಿ. ಹೆಣ್ಣುಮಕ್ಕಳಿಗೆ ಕುಂಟಾಬಿಲ್ಲೆ. ಅವರಲ್ಲಿ ಎಷ್ಟೋ ಮಂದಿ ಕಂಕುಳಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡೇ ಕುಂಟುತ್ತಿದ್ದರು. ತಾಯಿ ಹತ್ತಿ ಬಿಡಿಸಲು ಹೋದರೆ ಕೂಸನ್ನು ಹಿಡಿಯುವವರು ಯಾರು? ಹತ್ತು ವರ್ಷದ ಅಕ್ಕ. ಅವಳ ಆಟಕ್ಕೆ ಆ ದಿನಗಳಲ್ಲೂ ಪೂರ್ತಿ ಎರಡು ಕಾಲು ಸಿಗಲಿಲ್ಲ. ಹಳೆಯದೆಲ್ಲ ಚೆನ್ನಾಗಿತ್ತೆಂದು ಹೇಳಲು ನಾನು ಬಂದಿಲ್ಲ.

ದೇವಸ್ಥಾನದ ಎದುರಿಗೆ ಆಟವೇ ಎಂದು ಹುಬ್ಬೇರಿಸುವವರಿಗೆ ಭಾಗವತದ ದಶಮಸ್ಕಂಧವನ್ನು ನೆನಪು ಮಾಡುತ್ತೇನೆ. ಪುರಾಣ ಕೇಳುವಾಗ ನಾವು ಅಘಾಸುರ ಬಂದ, ಕೃಷ್ಣ ಕೊಂದ ಎಂಬುದನ್ನು ಹಿಡಿದುಕೊಳ್ಳುತ್ತೇವೆ. ಆ ಅಸುರ ಬರುವುದಕ್ಕೆ ಮೊದಲು ಏನು ನಡೆಯುತ್ತಿತ್ತು? ಗೊಲ್ಲರ ಮಕ್ಕಳು ಒಬ್ಬರ ಬುತ್ತಿ ಇನ್ನೊಬ್ಬರು ಕದ್ದು ದೂರ ಎಸೆಯುತ್ತಿದ್ದರು, ಹಾರುವ ಹಕ್ಕಿಯ ನೆರಳಿನ ಜೊತೆ ಓಡುತ್ತಿದ್ದರು, ಕಪ್ಪೆಯ ಜೊತೆ ಕುಪ್ಪಳಿಸುತ್ತಿದ್ದರು, ತಮ್ಮದೇ ಮಾರ್ದನಿಯನ್ನು ಬೈಯುತ್ತಿದ್ದರು. ಇದನ್ನೆಲ್ಲ ವಿವರವಾಗಿ ಹೇಳಿದ ಮೇಲೆಯೇ ಅಸುರನ ಪ್ರವೇಶ. ಇನ್ನೊಂದು ಕಡೆ ಎರಡು ಪಂಗಡ ಮಾಡಿಕೊಂಡು ಆಡುತ್ತಾರೆ. ಸೋತವರು ಗೆದ್ದವರನ್ನು ಬೆನ್ನ ಮೇಲೆ ಹೊರಬೇಕೆಂಬುದು ಕಟ್ಟಳೆ. ಅಲ್ಲಿ ಸೋತವನು ಯಾರು? ಕೃಷ್ಣ. ಶ್ರೀದಾಮನನ್ನು ಹೊತ್ತುಕೊಂಡು ಭಾಂಡೀರ ವೃಕ್ಷದವರೆಗೆ ನಡೆದ. ಜಗತ್ತನ್ನು ಹೊತ್ತವನಿಗೆ ಗೆಳೆಯನೊಬ್ಬ ಭಾರವೇ ಎಂದು ಕೇಳಬಹುದು. ಪ್ರಶ್ನೆ ಭಾರದ್ದಲ್ಲ. ಆಟದ ಕಟ್ಟಳೆ ದೇವರಿಗೂ ಒಂದೇ ಎಂಬುದನ್ನು ಆ ಗೊಲ್ಲರ ಹುಡುಗ ಸಂಕೋಚವಿಲ್ಲದೆ ಒಪ್ಪಿಸಿಬಿಟ್ಟ. ನಾನು ಲೆಕ್ಕ ಕಲಿಸಿದ ಎಷ್ಟೋ ಜಾಣ ಹುಡುಗರಿಗೆ ಸೋಲುವುದೊಂದು ಬರಲಿಲ್ಲ. ಎರಡು ಅಂಕ ಕಡಿಮೆಯಾದರೆ ಊಟ ಬಿಡುತ್ತಿದ್ದರು. ಅವರನ್ನು ಯಾರೂ ಬಯಲಿಗೆ ಬಿಟ್ಟಿರಲಿಲ್ಲ.

ಹತ್ತಿರದ ಉದಾಹರಣೆಯೂ ಇದೆ. ತುಂಗಭದ್ರೆಯ ದಡದ ಮಂತ್ರಾಲಯಕ್ಕೆ ಹೋಗಿಬರುವ ನಮಗೆ ಮಧ್ವಾಚಾರ್ಯರ ಹೆಸರು ಗೊತ್ತು. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಅವರ ಗುರುಕುಲದ ದಿನಗಳ ವರ್ಣನೆಯಿದೆ. ಓಟದಲ್ಲಿ, ಜಿಗಿತದಲ್ಲಿ, ಕುಸ್ತಿಯಲ್ಲಿ, ಈಜಿನಲ್ಲಿ ಆ ಬಾಲಕನೇ ಮುಂದು. ಈ ಹುಡುಗ ಪಾಠಕ್ಕೆ ಮನಸ್ಸು ಕೊಡುತ್ತಿಲ್ಲವೆಂದು ಗುರುಗಳು ಬೇಸರಪಟ್ಟರಂತೆ. ಕೇಳಿ ನೋಡಿದರೆ ಪಾಠವೆಲ್ಲ ಬಾಯಲ್ಲಿತ್ತು. ಆ ಗುರುಗಳು ಪಟ್ಟ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅವರು ವಿಚಾರಿಸಿ ತಿಳಿದುಕೊಂಡರು. ನಾನು ವಿಚಾರಿಸಲಿಲ್ಲ. ಆ ಕಥೆಯನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಈಗಿನ ವಿಜ್ಞಾನ ಏನು ಹೇಳುತ್ತದೆಂದು ಕೇಳುವ ಯುವಕರು ಇಲ್ಲಿದ್ದಾರೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಂದರಿಂದ ನಾಲ್ಕು ವರ್ಷದ ಕೂಸುಗಳಿಗಂತೂ ದಿನದಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಸೇರಿ 180 ನಿಮಿಷ ಎಂದು 2019ರಲ್ಲೇ ಹೇಳಿತ್ತು. ನಮ್ಮ ಮನೆಗಳಲ್ಲಿ ಅಷ್ಟೂ ಹೊತ್ತು ಕೂಸಿನ ಕೈಯಲ್ಲಿ ಫೋನು ಇರುತ್ತದೆ, ಊಟ ಮಾಡಿಸಲು ಸುಲಭವೆಂದು.

ಕಣ್ಣಿನ ವಿಷಯ ಇದಕ್ಕಿಂತ ಕುತೂಹಲದ್ದು. ಹಲಗೆಯ ಮೇಲೆ ಬರೆದದ್ದು ಕಾಣುವುದಿಲ್ಲ ಎನ್ನುವ ಮಕ್ಕಳನ್ನು ಈಗ ಪ್ರತಿ ತರಗತಿಯಲ್ಲೂ ನೋಡುತ್ತೀರಿ. ಚೀನಾ ದೇಶದ ಗುವಾಂಗ್‌ಝೌ ನಗರದಲ್ಲಿ ಹನ್ನೆರಡು ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ಆರಿಸಿಕೊಂಡು, ಅರ್ಧ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಉಳಿದ ಶಾಲೆಗಳಲ್ಲಿ ಎಂದಿನಂತೆ. ಮೂರು ವರ್ಷದಲ್ಲಿ ಎಂದಿನಂತೆ ಇದ್ದವರಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗುವ ದೋಷ, ಬಂತು. ಹೊರಗೆ ಬಿಟ್ಟವರಲ್ಲಿ ಸುಮಾರು 30 ಮಕ್ಕಳಿಗೆ. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಆ 40 ನಿಮಿಷದಲ್ಲಿ ಔಷಧ ಹಾಕಲಿಲ್ಲ, ಕನ್ನಡಕ ಕೊಡಲಿಲ್ಲ. ಬಯಲಿನ ಬೆಳಕಿಗೆ ಬಿಟ್ಟರು, ಅಷ್ಟೆ. ನಮ್ಮ ಆದವಾನಿಯಲ್ಲಿ ಮತ್ತೇನಕ್ಕೆ ಬರವಿದ್ದರೂ ಬೆಳಕಿಗೆ ಬರವಿಲ್ಲ.

ಬುದ್ಧಿಯ ವಿಷಯಕ್ಕೆ ಬಂದರೆ, ಸ್ವಿಟ್ಜರ್‌ಲ್ಯಾಂಡಿನ ಪಿಯಾಜೆ ಎಂಬ ವಿದ್ವಾಂಸರು ಗೋಲಿ ಆಡುವ ಮಕ್ಕಳ ಪಕ್ಕದಲ್ಲಿ ಕುಳಿತು, ಅವರಿಗೆ ಪ್ರಶ್ನೆ ಕೇಳಿ, 1932ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಈ ಆಟದ ಕಟ್ಟಳೆ ಯಾರು ಮಾಡಿದ್ದು ಎಂದು ಕೇಳಿದರೆ ಚಿಕ್ಕವರು, ಹಿರಿಯರು ಮಾಡಿದ್ದು, ಬದಲಾಯಿಸಬಾರದು ಎನ್ನುತ್ತಿದ್ದರು. ಹತ್ತು ಹನ್ನೊಂದು ವರ್ಷದವರು, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು ಎನ್ನುತ್ತಿದ್ದರು. ಈ ನಡುವೆ ಏನಾಯಿತು? ಬಯಲಿನಲ್ಲಿ ನೂರಾರು ಸಲ ಜಗಳವಾಡಿ, ಮತ್ತೆ ಕೂಡಿದ್ದರು. "ಲೇ, ಔಟು!" "ಇಲ್ಲಲೇ, ಗೆರಿ ಮುಟ್ಟಿಲ್ಲ!" "ಹೋಗ್ಲಿ, ಇನ್ನೊಂದ್ಸಲ ಹೊಡಿ." ಸಂಜೆ ನಾವು ಕಟ್ಟೆಯ ಮೇಲೆ ಕುಳಿತು ಇದನ್ನು ಗಲಾಟೆ ಎನ್ನುತ್ತೇವೆ. ಅಲ್ಲಿ ನಡೆಯುತ್ತಿರುವುದು ಪಂಚಾಯಿತಿ. ಅದರಲ್ಲಿ ದೊಡ್ಡವರು ಕೈ ಹಾಕದಿದ್ದರೆ ಬೇಗ ತೀರ್ಮಾನವಾಗುತ್ತದೆ. ನಮ್ಮ ಪಂಚಾಯಿತಿಗಳಿಗಿಂತ ಬೇಗ.

ಇನ್ನೊಂದು ಮಾತು, ಹೇಳಬೇಕೋ ಬೇಡವೋ ಎಂದು ಯೋಚಿಸಿ ಹೇಳುತ್ತಿದ್ದೇನೆ. ನನ್ನ ಬಾಲ್ಯದಲ್ಲಿ ಈ ಪ್ರಾಂಗಣದೊಳಕ್ಕೆ ಬರಲು ಹಿಂಜರಿಯುತ್ತಿದ್ದ ಕೇರಿಯ ಮಕ್ಕಳಿದ್ದರು. ಹಿಂಜರಿಯುವಂತೆ ನಾವೇ ಮಾಡಿದ್ದೆವು. ಅವರು ಬಯಲಿನ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಚೆಂಡು ಆ ಕಡೆ ಹೋದರೆ ಎತ್ತಿ ಎಸೆಯುತ್ತಿದ್ದರು. ಒಬ್ಬನ ಎಸೆತ ಎಷ್ಟು ಗುರಿಯಾಗಿತ್ತೆಂದರೆ, ನಮ್ಮ ಪಂಗಡದಲ್ಲಿ ಆಳು ಕಡಿಮೆಯಾದ ಒಂದು ದಿನ ನಾವೇ ಅವನನ್ನು ಕರೆದೆವು. ದೊಡ್ಡವರು ಸಭೆ ಸೇರಿ ಯಾವ ಠರಾವೂ ಮಾಡಲಿಲ್ಲ. ಲಗೋರಿಗೆ ಒಬ್ಬ ಬೇಕಾಗಿತ್ತು. ಇವತ್ತು ಅವನ ಮೊಮ್ಮಗಳು ಇಲ್ಲೇ ಆಡುತ್ತಾಳೆ.

ಈಗ ನನ್ನ ಕಥೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಕಡಿಮೆ ಬಂದಿತ್ತು. ಮರುವರ್ಷ ಆಟದ ಪೀರಿಯಡ್ಡುಗಳನ್ನು ನನಗೆ ಕೊಡಿ, ಲೆಕ್ಕ ಮಾಡಿಸುತ್ತೇನೆ ಎಂದು ನಾನೇ ಕೇಳಿದೆ. ಕೊಟ್ಟರು. ಎಲ್ಲರೂ ಹೊಗಳಿದರು. ಆ ತರಗತಿಯಲ್ಲಿ ಕೌತಾಳದ ಕಡೆಯ ಒಬ್ಬ ಹುಡುಗನಿದ್ದ. ಈ ಪಶ್ಚಿಮದ ಕೋಸಿಗಿ, ಕೌತಾಳ, ಪೆದ್ದಕಡಬೂರುಗಳ ಸಂಗತಿ ನಿಮಗೆ ಗೊತ್ತಿದೆ. ಮಳೆ ಕೈಕೊಟ್ಟ ವರ್ಷ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಸಂಸಾರಸಮೇತ ಗುಂಟೂರು ಕಡೆಗೆ ಹೋಗುತ್ತಾರೆ. ಮನೆಗೆ ಬೀಗ, ಮಕ್ಕಳು ಜೊತೆಗೆ. ಈ ಹುಡುಗ ಮಾತ್ರ ಹೋಗದೆ ಅಜ್ಜಿಯ ಹತ್ತಿರ ಉಳಿದಿದ್ದ. ಲೆಕ್ಕದಲ್ಲಿ ಮಂದ. ಖೋಖೋದಲ್ಲಿ ಅವನನ್ನು ಹಿಡಿಯುವವರು ಇಡೀ ಶಾಲೆಯಲ್ಲಿ ಇರಲಿಲ್ಲ. ನಾನು ಆಟ ನಿಲ್ಲಿಸಿದ್ದು ಆಗಸ್ಟಿನಲ್ಲಿ. ದೀಪಾವಳಿ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೆರೆ ಎಳೆದೆ. ಆ ವರ್ಷದ ಫಲಿತಾಂಶ ಚೆನ್ನಾಗಿ ಬಂತು. ಅವನು ಪರೀಕ್ಷೆಗೆ ಕೂರದಿದ್ದರಿಂದ ಇನ್ನಷ್ಟು ಚೆನ್ನಾಗಿ ಬಂತೆಂದೇ ಹೇಳಬೇಕು.

ಹನ್ನೆರಡು ವರ್ಷದ ನಂತರ ನಮ್ಮ ಮಾರ್ಕೆಟ್ ಯಾರ್ಡಿನಲ್ಲಿ ಲಾರಿಗೆ ಹತ್ತಿಯ ಅಂಡಿಗೆ ಏರಿಸುತ್ತಿದ್ದವನು ಇಳಿದು ಬಂದು ಕಾಲು ಮುಟ್ಟಿದ. ಯಾಕೋ ಶಾಲೆ ಬಿಟ್ಟೆ ಎಂದೆ. "ಅವಾಗ ಖೋಖೋ ಇತ್ತಂತ ಬರ್ತಿದ್ದೆ ಸಾರ್" ಎಂದು ನಕ್ಕ. ದೂರುವ ಧ್ವನಿ ಅಲ್ಲವೇ ಅಲ್ಲ. ನನ್ನ ಮಕ್ಕಳೆಲ್ಲ ಹೇಗಿದ್ದಾರೆ ಎಂದು ವಿಚಾರಿಸಿ, ಚಹಾ ತರಿಸಿ ಕುಡಿಸಿ ಕಳಿಸಿದ. ಬೈದಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲ. ಮಗು ಶಾಲೆಗೆ ಬರುವುದು ಪಾಠಕ್ಕೇ ಎಂದು ನಾವು ತಿಳಿದಿರುತ್ತೇವೆ. ಎಷ್ಟೋ ಮಕ್ಕಳಿಗೆ ಆಟವೇ ಬಾಗಿಲು, ಪಾಠ ಒಳಮನೆ. ನಾನು ಬಾಗಿಲು ಮುಚ್ಚಿ, ಒಳಗೆ ಯಾಕೆ ಬರಲಿಲ್ಲವೆಂದು ಕೇಳಿದವನು.

ಇನ್ನು ಮಳಿಗೆಯ ಮಾತಿಗೆ ಬರುತ್ತೇನೆ. ದೇವರ ಕಾರ್ಯವಲ್ಲವೇ, ಒಳ್ಳೆಯ ಉದ್ದೇಶವಲ್ಲವೇ ಎಂದು ನೀವು ಕೇಳುತ್ತೀರಿ. ಬೆಂಗಳೂರಿನಲ್ಲಿ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವೊಂದಿತ್ತು. ಅದನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ಟ್ರಸ್ಟಿಗೆ ಕೊಟ್ಟರು. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆ ಬೇಡವೆನ್ನುವವರು ಯಾರಿದ್ದಾರೆ? ಆದರೂ 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟು, ಉದ್ಯಾನದ ಜಾಗವನ್ನು ಹಾಗೆ ಕೊಟ್ಟದ್ದು ಸಲ್ಲದೆಂದಿತು. ಒಳ್ಳೆಯ ಕೆಲಸವೆಂಬ ಕಾರಣಕ್ಕೆ ಬಯಲು ಖಾಲಿ ಜಾಗವಾಗಿಬಿಡುವುದಿಲ್ಲ. ಅದು ಈಗಾಗಲೇ ಒಂದು ಕೆಲಸ ಮಾಡುತ್ತಿದೆ. ಆ ತೀರ್ಪು ಸರಕಾರಿ ಬಡಾವಣೆಯ ಉದ್ಯಾನದ್ದು, ದೇವಸ್ಥಾನದ ಜಾಗಕ್ಕೆ ಅನ್ವಯಿಸುವುದಿಲ್ಲವೆಂದು ವಕೀಲರು ಹೇಳಿದರೆ ನಾನು ವಾದಿಸುವುದಿಲ್ಲ. ಮಗುವಿಗೆ ಆಡುವ ಹಕ್ಕಿದೆಯೆಂದು ವಿಶ್ವಸಂಸ್ಥೆಯ 1989ರ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ, 1992ರಲ್ಲಿ ನಮ್ಮ ದೇಶವೂ ಅದಕ್ಕೆ ಒಪ್ಪಿತು. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ಕಾಗದದಲ್ಲಿ ಇವೆಲ್ಲ ಇವೆ. ನಮ್ಮ ಓಣಿಯ ಶಾಲೆಗಳಿಗೆ ಮೈದಾನ ಎಲ್ಲಿದೆಯೆಂದು ನೀವೇ ಹೋಗಿ ನೋಡಿಬನ್ನಿ.

ಆಟಕ್ಕೆ ಬಯಲು ಬಿಟ್ಟರೆ ತೊಂದರೆಗಳಿಲ್ಲವೆಂದು ನಾನು ಹೇಳುವುದಿಲ್ಲ. ಹೋದ ವರ್ಷ ಚೆಂಡು ತಾಗಿ ದೀಪದ ಗಾಜು ಒಡೆದದ್ದು ನಿಜ. ಭಜನೆಯ ಹೊತ್ತಿಗೆ ಕೂಗಾಟ ಇರುತ್ತದೆಂಬುದೂ ನಿಜ. ಅದಕ್ಕಿಂತ ದೊಡ್ಡ ತೊಂದರೆ ಯಾರೂ ಹೇಳದ್ದು. ಮೀಸೆ ಬಂದ ಹುಡುಗರು ಇಡೀ ಬಯಲನ್ನು ಕ್ರಿಕೆಟ್ಟಿಗೆ ಹಿಡಿದುಕೊಂಡು, ಚಿಕ್ಕವರನ್ನೂ ಹೆಣ್ಣುಮಕ್ಕಳನ್ನೂ ಅಂಚಿಗೆ ತಳ್ಳುತ್ತಾರೆ. ಇದಕ್ಕೆ ಗೋಡೆ ಕಟ್ಟಬೇಕಾಗಿಲ್ಲ, ಒಂದು ಗೆರೆ ಎಳೆದರೆ ಸಾಕು. ಪೂರ್ವದ ಬೇವಿನ ಮರಗಳ ಕಡೆ ಚಿಕ್ಕವರಿಗೆ, ಹೆಣ್ಣುಮಕ್ಕಳಿಗೆ. ಬ್ಯಾಟು ಅಲ್ಲಿಗೆ ಬರಬಾರದು. ಭಜನೆಗೆ ಗಂಟೆ ಬಾರಿಸಿದರೆ ಆಟ ನಿಲ್ಲಬೇಕು. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಯಾರನ್ನೂ ಬಿಸಿಲಿಗೆ ಬಿಡುವುದು ಬೇಡ, ನಮ್ಮ ವೈಶಾಖದ ಬಿಸಿಲು ಮಕ್ಕಳಾಟವಲ್ಲ. ಮರದ ಬುಡದಲ್ಲಿ ಎರಡು ಹರವಿ ನೀರು ಇಟ್ಟರೆ ಅರವಟ್ಟಿಗೆಯ ಪುಣ್ಯವೂ ಸಮಿತಿಗೇ. ಹೆಣ್ಣುಮಗಳು ದೊಡ್ಡವಳಾದ ಕೂಡಲೇ ಆಟ ಬಿಡಿಸುವ ಪದ್ಧತಿಯ ಬಗ್ಗೆ ತಾಯಂದಿರು ತಮ್ಮತಮ್ಮಲ್ಲೇ ಒಮ್ಮೆ ಕುಳಿತು ಮಾತನಾಡಬೇಕೆಂದು ಕೈಮುಗಿದು ಕೇಳುತ್ತೇನೆ.

ಆದಾಯ ಬೇಡವೇ? ಬೇಕು. ದಕ್ಷಿಣಕ್ಕೆ ಅಡುಗೆ ಮನೆಯ ಮಾಳಿಗೆ ಖಾಲಿ ಇದೆ. ಮಂಟಪವನ್ನು ಅದರ ಮೇಲೆ ಎಬ್ಬಿಸಬಹುದೇ ಎಂದು ಇಂಜಿನಿಯರರನ್ನು ಕರೆಸಿ ತೋರಿಸಿ. ಮಳಿಗೆ ಎರಡೋ ಮೂರೋ ಸಾಕಾದರೆ ರಸ್ತೆಯ ಕಡೆಯ ಗೋಡೆಗೆ ಹೊರಮುಖವಾಗಿ ಕಟ್ಟಬಹುದು. ಖರ್ಚು ಹೆಚ್ಚುತ್ತದೆ, ಬಾಡಿಗೆ ಕಡಿಮೆಯಾಗುತ್ತದೆ, ಒಪ್ಪಿದೆ. ಆ ಕೊರತೆಗೆ ನನ್ನ ಒಂದು ತಿಂಗಳ ಪಿಂಚಣಿಯನ್ನು ಇವತ್ತೇ ಬರೆಸುತ್ತಿದ್ದೇನೆ. ನನ್ನ ಹಿಂದೆ ಯಾರಾದರೂ ಬರೆಸುವುದಾದರೆ ಖಜಾಂಚಿಯವರು ಅಲ್ಲೇ ಕುಳಿತಿದ್ದಾರೆ.

ತೀರ್ಮಾನ ಮಾಡುವುದಕ್ಕೆ ಮೊದಲು ಸಮಿತಿಯ ಎಲ್ಲ ಸದಸ್ಯರೂ ಒಂದು ಸಂಜೆ ಐದು ಗಂಟೆಗೆ ಬಂದು ಕಟ್ಟೆಯ ಮೇಲೆ ಒಂದು ತಾಸು ಕೂರಬೇಕೆಂದು ನನ್ನ ವಿನಂತಿ. ಬಂದ ಮಕ್ಕಳನ್ನು ಎಣಿಸಿರಿ. ಆ ಸಂಖ್ಯೆಯನ್ನು ಬಾಡಿಗೆಯ ಕಾಗದದಲ್ಲೇ ಒಂದು ಸಾಲು ಮಾಡಿ ಬರೆಯಿರಿ.

ನಾಳೆ ಪೆಂಡಾಲು ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಪ್ರತಿ ವರ್ಷವೂ ಮೊಳೆ, ತಂತಿ, ಕರಟದ ಚೂರು ಬಯಲಿನಲ್ಲೇ ಉಳಿದು, ಬರಿಗಾಲಿನ ಮಕ್ಕಳಿಗೆ ಚುಚ್ಚುತ್ತವೆ. ನಾಡಿದ್ದು ಬೆಳಿಗ್ಗೆ ಆರು ಗಂಟೆಗೆ ನಾನು ಒಂದು ಚೀಲ ಹಿಡಿದುಕೊಂಡು ಅಲ್ಲಿರುತ್ತೇನೆ. ಬಗ್ಗಲು ಬರುವವರು ಯಾರಾದರೂ ಜೊತೆಗೆ ಬಂದರೆ ಉಪಕಾರವಾಗುತ್ತದೆ. ನನ್ನ ಸೊಂಟ ಮೊದಲಿನಂತಿಲ್ಲ.